ಒಂದೇ ಮನೆ ಬರೆಯುತ್ತಿದ್ದ ಹುಡುಗಿ: ಒಂದು ಪ್ರಕರಣ ಅಧ್ಯಯನ

ಈ ಮಗುವನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಗುರುತು ಸಿಗಬಾರದೆಂದು ಮನೆಯ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ನಮ್ಮ ಶಿಶುವಿಹಾರಕ್ಕೆ ಬಂದಾಗ ಪುಟ್ಟಿಗೆ 4 ವರ್ಷ ತುಂಬಿ ಕೆಲವು ತಿಂಗಳಾಗಿತ್ತು. ಮನೆಯಲ್ಲಿ ಅಪ್ಪ, ಅಮ್ಮ, 9 ವರ್ಷದ ಅಕ್ಕ. ಸೇರಿಸಲು ಬಂದ ದಿನವೇ ಅಮ್ಮ ಖುಷಿಯಿಂದ ಹೇಳಿದ್ದರು: "ಇವಳು ಡ್ರಾಯಿಂಗ್ ತುಂಬಾ ಚೆನ್ನಾಗಿ ಮಾಡ್ತಾಳೆ ಮಿಸ್." ಅದು ಸುಳ್ಳೇನಲ್ಲ. ಹಾಳೆ ಕೊಟ್ಟ ತಕ್ಷಣ ಪುಟ್ಟಿ ಒಂದು ಮನೆ ಬರೆದಳು. ಚೌಕ, ಅದರ ಮೇಲೆ ತ್ರಿಕೋನ, ನಡುವೆ ಬಾಗಿಲು, ಎರಡು ಕಿಟಕಿ, ಬಲಮೂಲೆಯಲ್ಲಿ ಅರ್ಧ ಸೂರ್ಯ. ಬಣ್ಣ ಎಲ್ಲೂ ಗೆರೆ ದಾಟಿರಲಿಲ್ಲ.

ಅವಳ ಪಕ್ಕದಲ್ಲಿ ಕೂತ ಮಕ್ಕಳ ಹಾಳೆಗಳಲ್ಲಿ ಏನಿತ್ತು? ಸುತ್ತು ಸುತ್ತಾದ ಗೀಚು, ಎರಡು ಕಡ್ಡಿ ಕಾಲಿನ ಒಂದು ದೊಡ್ಡ ತಲೆ, ಅಷ್ಟೇ. ಯಾರೇ ನೋಡಿದರೂ ಪುಟ್ಟಿಯೇ ಮುಂದಿದ್ದಾಳೆ ಅನ್ನುತ್ತಿದ್ದರು.

ಸಮಸ್ಯೆ ಎಲ್ಲಿತ್ತು

ಕೆಲವು ವಾರ ಕಳೆದ ಮೇಲೆ ಅವಳ ಹಾಳೆಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡಿ ನೋಡಿದೆವು. ಎಲ್ಲದರಲ್ಲೂ ಅದೇ ಮನೆ. ಅದೇ ಗಾತ್ರ, ಅದೇ ಜಾಗ, ಅದೇ ಮೂಲೆಯಲ್ಲಿ ಸೂರ್ಯ. ಮಳೆಯ ಕಥೆ ಹೇಳಿ ಬರೆಯಲು ಕೊಟ್ಟ ದಿನವೂ ಮನೆ. ಜೇಡಿಮಣ್ಣು ಕೊಟ್ಟರೆ ಅದನ್ನು ಚಪ್ಪಟೆ ಮಾಡಿ, ಕಡ್ಡಿಯಿಂದ ಅದರ ಮೇಲೂ ಮನೆ.

ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುವುದರಲ್ಲಿ ತಪ್ಪೇನಿಲ್ಲ. ಸಣ್ಣ ಮಕ್ಕಳು ಹಾಗೆಯೇ. ಅದೇ ಗುಂಪಿನ ಒಬ್ಬ ಹುಡುಗ ಯಾವಾಗಲೂ ಬಸ್ಸನ್ನೇ ಬರೆಯುತ್ತಿದ್ದ. ಆದರೆ ಅವನ ಬಸ್ಸು ಬೆಳೆಯುತ್ತಿತ್ತು. ಒಂದು ವಾರ ಡ್ರೈವರ್ ಬಂದ, ಇನ್ನೊಂದು ವಾರ ಚಕ್ರ ಜಾಸ್ತಿಯಾದವು, ಆಮೇಲೆ ಬಸ್ಸಿನ ಒಳಗೆ ಜನ ಬಂದರು. ಅವನು ಬಸ್ಸಿನ ಬಗ್ಗೆ ಯೋಚಿಸುತ್ತಿದ್ದ. ಪುಟ್ಟಿ ಮನೆಯ ಬಗ್ಗೆ ಯೋಚಿಸುತ್ತಿರಲಿಲ್ಲ, ಕಲಿತದ್ದನ್ನು ಒಪ್ಪಿಸುತ್ತಿದ್ದಳು. ಹಾಳೆಗಳನ್ನು ಸಾಲಾಗಿ ಇಡದಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ.

"ನಿನ್ನೆ ಜಾರುಬಂಡೆ ಆಡಿದ್ರಲ್ಲ, ಅದನ್ನ ಬರೀರಿ" ಎಂದ ದಿನ ವಿಷಯ ಸ್ಪಷ್ಟವಾಯಿತು. ಪುಟ್ಟಿ ಪೆನ್ಸಿಲ್ ಕೆಳಗಿಟ್ಟಳು. "ಅದು ನಂಗೆ ಬರಲ್ಲ. ಅಕ್ಕ ಹೇಳಿಕೊಟ್ಟಿಲ್ಲ." ಇರಲಿ, ನಿನಗೆ ಹೇಗೆ ತೋಚುತ್ತೋ ಹಾಗೆ ಬರಿ ಎಂದಾಗ ಒಂದು ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು, ಮತ್ತೆ ಅಳಿಸಿದಳು. ಹಾಳೆ ಹರಿಯಿತು. ಜೋರಾಗಿ ಅತ್ತಳು.

ಮೊದಲು ನೋಡಬೇಕಾಗಿದ್ದು ಕೈಯನ್ನು. ಚಿತ್ರ ಬೇಡ ಎನ್ನುವ ಮಗುವಿಗೆ ಕೆಲವೊಮ್ಮೆ ನಿಜವಾಗಿಯೂ ಬೆರಳಿನ ಹಿಡಿತ ಕಷ್ಟವಾಗಿರುತ್ತದೆ. ಅಂಥ ಮಗು ಗುಂಡಿ ಹಾಕುವುದು, ಮಣಿ ಪೋಣಿಸುವುದು, ಕತ್ತರಿ ಹಿಡಿಯುವುದನ್ನೂ ತಪ್ಪಿಸಿಕೊಳ್ಳುತ್ತದೆ. ಆಗ ಆಕ್ಯುಪೇಷನಲ್ ಥೆರಪಿಸ್ಟ್ (ಇಂಥ ದಿನನಿತ್ಯದ ಕೆಲಸಗಳಲ್ಲಿನ ಕಷ್ಟಕ್ಕೆ ತರಬೇತಿ ಕೊಡುವ ತಜ್ಞರು) ಒಬ್ಬರಿಗೆ ತೋರಿಸುವುದೇ ಸರಿ. ಪುಟ್ಟಿ ಇವೆಲ್ಲವನ್ನೂ ಸಲೀಸಾಗಿ ಮಾಡುತ್ತಿದ್ದಳು. ಮಕ್ಕಳು ಸಾಮಾನ್ಯವಾಗಿ 3ರ ಸುಮಾರಿಗೆ ವೃತ್ತವನ್ನು, 4ರ ಸುಮಾರಿಗೆ ಕೂಡಿಸುವ ಗುರುತನ್ನು, ನಾಲ್ಕೂವರೆಯಿಂದ ಐದರೊಳಗೆ ಚೌಕವನ್ನು, 5ರ ಆಸುಪಾಸಿನಲ್ಲಿ ತ್ರಿಕೋನವನ್ನು ನೋಡಿ ಬರೆಯುತ್ತಾರೆ. ಪುಟ್ಟಿಯ ಕೈ ವಯಸ್ಸಿಗಿಂತ ತುಸು ಮುಂದೆಯೇ ಇತ್ತು. ಅವಳಿಗೆ ಬರುತ್ತಿರಲಿಲ್ಲ ಅನ್ನುವುದು ಕಾರಣವಲ್ಲ, ಬಾರದೇ ಹೋದರೆ ಎಂಬ ಹೆದರಿಕೆ ಕಾರಣ.

ಆ ಹೆದರಿಕೆ ಎಲ್ಲಿಂದ ಬಂತು ಎಂಬುದು ಅಮ್ಮನ ಜೊತೆ ಮಾತಾಡಿದಾಗ ತಿಳಿಯಿತು. ಅಕ್ಕ ಪುಟ್ಟಿಯ ಕೈ ಹಿಡಿದು ಮನೆ ಬರೆಯುವುದನ್ನು ಕಲಿಸಿದ್ದಳು. ಮನೆಯಲ್ಲಿ ಬಣ್ಣ ತುಂಬುವ ಪುಸ್ತಕಗಳಿದ್ದವು, ಗೆರೆ ದಾಟದಿದ್ದರೆ ಸ್ಟಾರ್ ಸ್ಟಿಕ್ಕರ್. ನೆಂಟರು ಬಂದಾಗ "ಎಲ್ಲಿ, ಮನೆ ಬರೆದು ತೋರಿಸು" ಎಂದು ಹಾಳೆ ಕೊಡುತ್ತಿದ್ದರು. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ. ಆದರೆ ಇಷ್ಟರ ನಡುವೆ ಪುಟ್ಟಿಗೆ ಚಿತ್ರ ಎಂದರೆ ಸರಿಯಾಗಿ ಬರಬೇಕಾದ ಒಂದು ಉತ್ತರವಾಗಿಬಿಟ್ಟಿತ್ತು.

ಮೊದಲು ಮಾಡಿದ್ದು

ನನ್ನ ಸಹೋದ್ಯೋಗಿಯೊಬ್ಬರು ಒಂದು ದಾರಿ ಸೂಚಿಸಿದರು. ಅವಳಿಗೆ ಮನೆ ಮಾತ್ರ ಬರುತ್ತದೆ ಎಂಬುದೇ ತೊಂದರೆಯಾದರೆ ಇನ್ನೂ ನಾಲ್ಕು ಚಿತ್ರ ಹೇಳಿಕೊಡೋಣ, ಧೈರ್ಯ ತಾನಾಗಿ ಬರುತ್ತದೆ. ವಾದ ಸರಿಯಾಗಿಯೇ ಕಾಣುತ್ತಿತ್ತು. ಮೊಟ್ಟೆಯಾಕಾರ ಬರೆದು, ಅದಕ್ಕೆ ಕಿವಿ ಸೇರಿಸಿ, ಬಾಲ ಸೇರಿಸಿ, ಹಂತ ಹಂತವಾಗಿ ನಾಯಿ ಹೇಳಿಕೊಟ್ಟರು. ಪುಟ್ಟಿ ಬೇಗ ಕಲಿತಳು, ತುಂಬಾ ಖುಷಿಪಟ್ಟಳು. ಮುಂದಿನ ವಾರದ ಹಾಳೆಗಳಲ್ಲಿ ಮನೆಯ ಎಡಕ್ಕೆ ನಾಯಿ ಬಂತು. ಎಲ್ಲ ಹಾಳೆಯಲ್ಲೂ ಅದೇ ನಾಯಿ, ಅದೇ ಜಾಗದಲ್ಲಿ. "ನಾಯಿ ಮಲಗಿದ್ರೆ ಹೇಗಿರುತ್ತೆ?" ಎಂದು ಕೇಳಿದಾಗ ಅವಳು ಕೊಟ್ಟ ಉತ್ತರ: "ಇದು ಮಲಗಲ್ಲ."

ಇಲ್ಲಿಂದ ನಮ್ಮ ದಾರಿ ಬದಲಾಯಿತು. ಅಚ್ಚುಗಳನ್ನು ಜಾಸ್ತಿ ಮಾಡಿ ಪ್ರಯೋಜನವಿಲ್ಲ ಎಂಬುದು ಖಚಿತವಾಗಿತ್ತು. ಅಚ್ಚು ಹಾಕಲು ಆಗದಂಥ ಸಾಮಾನು ಕೊಟ್ಟರೆ ಏನಾಗುತ್ತದೆ ಎಂದು ನೋಡೋಣ ಅನ್ನಿಸಿತು.

ಪೆನ್ಸಿಲ್ ಮತ್ತು ರಬ್ಬರನ್ನು ಮೇಜಿನಿಂದ ತೆಗೆದೆವು. ಪುಟ್ಟಿಗೆ ಮಾತ್ರವಲ್ಲ, ಇಡೀ ಗುಂಪಿಗೆ. ಒಬ್ಬಳಿಂದ ಮಾತ್ರ ಕಿತ್ತುಕೊಂಡರೆ ಅದು ಶಿಕ್ಷೆಯಾಗುತ್ತದೆ, ಅಲ್ವಾ? ಅದರ ಬದಲು ದಪ್ಪ ಬ್ರಷ್, ಚಾಕ್, ಮುರಿದ ಕ್ರೇಯಾನ್ ತುಂಡುಗಳು. ಕ್ರೇಯಾನ್ ತುಂಡು ಚಿಕ್ಕದಾದಷ್ಟೂ ಮಗು ಅದನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಬೆರಳ ತುದಿಯಲ್ಲೇ ಹಿಡಿಯುತ್ತದೆ. ಹಾಳೆಗಳನ್ನು ಗೋಡೆಗೆ ಅಂಟಿಸಿದೆವು, ಮಕ್ಕಳು ನಿಂತುಕೊಂಡು ಬರೆಯುವಷ್ಟು ದೊಡ್ಡದಾಗಿ. ಗೋಡೆಯ ಮೇಲೆ ಬರೆಯುವಾಗ ಭುಜದಿಂದ ಕೈ ಆಡುತ್ತದೆ, ಮಣಿಕಟ್ಟು ಸರಿಯಾದ ಕೋನಕ್ಕೆ ಬರುತ್ತದೆ. ಆಗ ಅಂಗೈಯಗಲದ ಮನೆ ಬರೆಯುವುದು ಮಗುವಿಗೇ ವಿಚಿತ್ರ ಅನ್ನಿಸುತ್ತದೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ನೀರು. ಬಿಸಿಲಿದ್ದಾಗ ಮಕ್ಕಳಿಗೆ ಒಂದೊಂದು ಡಬ್ಬಿ ನೀರು, ಅಗಲವಾದ ಬ್ರಷ್ ಕೊಟ್ಟು ಅಂಗಳದ ಸಿಮೆಂಟ್ ನೆಲದ ಮೇಲೆ ಬರೆಯಲು ಬಿಟ್ಟೆವು. ಪುಟ್ಟಿ ಬರೆದದ್ದು ಮನೆಯೇ. ಛಾವಣಿ ಮುಗಿಸುವಷ್ಟರಲ್ಲಿ ಗೋಡೆ ಆರಿಹೋಗಿತ್ತು. "ಹೋಯ್ತು!" ಎಂದು ಸಿಟ್ಟಾದಳು. ಮತ್ತೆ ಬರೆದಳು, ಮತ್ತೆ ಹೋಯಿತು. ಸ್ವಲ್ಪ ಹೊತ್ತಿನ ನಂತರ ಆರುವುದಕ್ಕಿಂತ ಮುಂಚೆ ಮುಗಿಸುವ ಆಟ ಶುರುವಾಯಿತು. ಅದಕ್ಕೆ ದೊಡ್ಡ ಗೆರೆ ಬೇಕು, ಬೇಗ ಬೇಕು. ಚೌಕ ಹೋಗಿ ಬಳೆ ಬಳೆಯಂಥ ಸುತ್ತುಗಳು ಬಂದವು. ಓಡಾಡಿಕೊಂಡು ಗೀಚಿದಳು. ಯಾರೂ ಅದನ್ನು ನೋಡಿ ಚೆನ್ನಾಗಿದೆ ಅನ್ನಲು ಸಾಧ್ಯವಿರಲಿಲ್ಲ, ಏಕೆಂದರೆ ನೋಡುವಷ್ಟರಲ್ಲಿ ಅದು ಇರುತ್ತಿರಲಿಲ್ಲ.

ಗೀಚಾಟದ ತಿಂಗಳುಗಳು, ಅಪ್ಪನ ಪ್ರಶ್ನೆ

ಮುಂದಿನ ಕೆಲವು ತಿಂಗಳು ಪುಟ್ಟಿ ಗೀಚಿದಳು. ಹಾಳೆಯಲ್ಲೂ, ಗೋಡೆಯಲ್ಲೂ, ಮರಳಿನಲ್ಲೂ ಸುತ್ತು, ಅಂಕುಡೊಂಕು, ಚುಕ್ಕೆಗಳ ಮಳೆ. 4 ದಾಟಿದ ಮಗು 2 ವರ್ಷದ ಮಗುವಿನ ಹಾಗೆ ಗೀಚುವುದನ್ನು ಕಂಡು ಅಪ್ಪ ಬಂದು ಕೇಳಿದರು. "ಮೊದಲು ಮನೆ ಬರೀತಿದ್ಳು. ಈಗ ಬರೀ ಗೀಚ್ತಾಳೆ. ಇಲ್ಲಿಗೆ ಬಂದು ಹಿಂದೆ ಹೋಗ್ತಿದ್ದಾಳಾ?"

ನ್ಯಾಯವಾದ ಪ್ರಶ್ನೆ. ಹಾಳೆಗಳನ್ನು ಮಾತ್ರ ನೋಡಿದರೆ ಹೌದು ಎಂದೇ ಹೇಳಬೇಕಾಗುತ್ತದೆ.

ನಾನು ಅವರಿಗೆ ಹೇಳಿದ್ದು ಇಷ್ಟು. ರೋಡಾ ಕೆಲಾಗ್ ಎಂಬ ಅಮೆರಿಕದ ಶಿಕ್ಷಕಿ ಲಕ್ಷಗಟ್ಟಲೆ ಮಕ್ಕಳ ಚಿತ್ರಗಳನ್ನು ಕಲೆಹಾಕಿ, ಗೀಚುಗಳಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದ್ದರು. ಮಗು ಆ ಗೀಚುಗಳಿಂದಲೇ ಆಕಾರಗಳನ್ನು ಹೆಕ್ಕುತ್ತದೆ, ಆಕಾರಗಳನ್ನು ಜೋಡಿಸಿ ಸೂರ್ಯ, ಮನುಷ್ಯ ಮಾಡುತ್ತದೆ. ಪುಟ್ಟಿಗೆ ಈ ದಾರಿಯ ಕೊನೆಯ ತುದಿ ಮೊದಲೇ ಸಿಕ್ಕಿತ್ತು, ನಡುವಿನದು ಸಿಕ್ಕಿರಲಿಲ್ಲ. ಅವಳ ಮನೆ ಅವಳ ಗೀಚಿನಿಂದ ಬಂದದ್ದಲ್ಲ, ಅಕ್ಕನ ಕೈಯಿಂದ ಬಂದದ್ದು.

ಅಪ್ಪನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಕೆಲವು ವಿಷಯಗಳಿಗೆ ಒಪ್ಪಿದರು. ಬಣ್ಣ ತುಂಬುವ ಪುಸ್ತಕಗಳನ್ನು ಕಿತ್ತುಕೊಳ್ಳುವುದು ಬೇಡ, ಅವುಗಳ ಪಕ್ಕದಲ್ಲೇ ಖಾಲಿ ಹಾಳೆ ಇರಲಿ. ನೆಂಟರ ಮುಂದೆ ಬರೆಸುವುದು ಬೇಡ. ಸ್ಟಾರ್ ನಿಲ್ಲಿಸಿ. ಈ ಕೊನೆಯದಕ್ಕೆ ಅಮ್ಮನ ವಿರೋಧವಿತ್ತು. "ಸ್ಟಾರ್ ಕೊಟ್ರೆ ಇನ್ನೂ ಉತ್ಸಾಹ ಬರಲ್ವಾ?" ಇದಕ್ಕೆ 1973ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ಚಿನ್ನದ ಬಣ್ಣದ ಸ್ಟಾರ್ ಇರುವ ಬಹುಮಾನಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಆಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳೇ ಎಲ್ಲರಿಗಿಂತ ಕಡಿಮೆ ಹೊತ್ತು ಬರೆಯುತ್ತಿದ್ದರು. ಗಮನಿಸಿ, ಅಚಾನಕ್ಕಾಗಿ ಬಹುಮಾನ ಸಿಕ್ಕವರಿಗೆ ಈ ತೊಂದರೆ ಆಗಿರಲಿಲ್ಲ. ಹಾಗಾಗಿ ಅಮ್ಮನಿಗೆ ಹೇಳಿದ್ದು ಶಭಾಷ್ ಅನ್ನಲೇಬೇಡಿ ಎಂದಲ್ಲ. ಇದನ್ನು ಮಾಡಿದರೆ ಅದು ಕೊಡ್ತೀನಿ ಅನ್ನುವ ವ್ಯಾಪಾರ ಬೇಡ ಎಂದು.

ಅಕ್ಕನ ವಿಷಯ ಸೂಕ್ಷ್ಮವಾಗಿತ್ತು. "ಇನ್ಮೇಲೆ ತಂಗಿಗೆ ಬರೆದುಕೊಡಬೇಡ" ಎಂದು ಮನೆಯಲ್ಲಿ ಹೇಳಿದಾಗ ಅವಳ ಮುಖ ಸಪ್ಪಗಾಯಿತಂತೆ. ಪಾಪ, ಪುಟ್ಟಿಗೆ ಅಷ್ಟು ತಾಳ್ಮೆಯಿಂದ ಕಲಿಸಿದವಳು ಅವಳೇ. ಬೇಡ ಎನ್ನುವುದರ ಬದಲು ಬೇರೆ ಕೆಲಸ ಕೊಟ್ಟೆವು. ಪುಟ್ಟಿ ಗೀಚಿದ್ದರ ಬಗ್ಗೆ ಏನು ಹೇಳುತ್ತಾಳೋ ಅದನ್ನು ಒಂದಕ್ಷರ ತಿದ್ದದೆ ಹಾಳೆಯ ಕೆಳಗೆ ಬರೆಯಬೇಕು. ಅಕ್ಕನಿಗೆ ಅಚ್ಚುಕಟ್ಟಾದ ಅಕ್ಷರ ಬರೆಯುವುದು ಇಷ್ಟ, ಹಾಗಾಗಿ ಖುಷಿಯಿಂದ ಒಪ್ಪಿದಳು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಇದು. ಮೊದಮೊದಲು ಹಾಳೆಗಳ ಕೆಳಗೆ "ಇದು ಗಾಳಿ" ಎಂಬಂಥ ಒಂದೇ ಸಾಲು ಇರುತ್ತಿತ್ತು. ಆಮೇಲಾಮೇಲೆ ಪುಟ್ಟಿ ಹೇಳುವುದನ್ನು ಬರೆಯಲು ಹಾಳೆಯ ಹಿಂಭಾಗವೂ ಸಾಲುತ್ತಿರಲಿಲ್ಲ.

ನಮ್ಮ ಮಾತು

ಸಾಮಾನು ಬದಲಿಸುವುದು ಸುಲಭ. ಬಾಯಿ ಬದಲಿಸುವುದು ಕಷ್ಟ. ಮಗುವಿನ ಹಾಳೆ ನೋಡಿದ ಕೂಡಲೇ ದೊಡ್ಡವರ ಬಾಯಿಂದ ಬರುವುದು ಎರಡೇ ಮಾತು: "ಇದೇನಿದು?" ಅಥವಾ "ಸೂಪರ್!" ಮೊದಲನೆಯದಕ್ಕೆ ಉತ್ತರ ಕೊಡಬೇಕಾದ ಒತ್ತಡವಿದೆ. ಗೀಚಿಗೆ ಹೆಸರು ಇರಲೇಬೇಕಾ? ಎರಡನೆಯದು ನೋಡದೆಯೂ ಹೇಳಬಹುದಾದ ಮಾತು. ಅದು ಮಕ್ಕಳಿಗೂ ಗೊತ್ತು.

ನಾವು ಕಂಡದ್ದನ್ನು ಮಾತ್ರ ಹೇಳಲು ಶುರುಮಾಡಿದೆವು. "ಈ ಗೆರೆ ಮೇಲಿಂದ ಇಳಿದು ಬಂದು ಇಲ್ಲಿ ಸುತ್ತಿಕೊಂಡಿದೆ." "ಇಲ್ಲಿ ನೀಲಿ ಒತ್ತಿ ಒತ್ತಿ ಹಚ್ಚಿದೀಯ." ಪುಟ್ಟಿಗೆ ಇದು ಒಗ್ಗಲಿಲ್ಲ. ಅನುಮಾನದಿಂದ ನೋಡಿ, "ಚೆನ್ನಾಗಿದೆಯಾ ಇಲ್ವಾ ಹೇಳಿ" ಎಂದು ಪಟ್ಟು ಹಿಡಿದಳು. ಇಂಥ ಕಡೆ ಜಾಣತನದ ಮರುಪ್ರಶ್ನೆ ಹಾಕಿ ನುಣುಚಿಕೊಂಡರೆ ಮಗುವಿಗೆ ಅವಮಾನವಾಗುತ್ತದೆ. ನಾನು "ನಂಗೆ ಈ ಮೂಲೆ ಇಷ್ಟವಾಯ್ತು. ನಿಂಗೆ ಯಾವ ಕಡೆ ಬರೀವಾಗ ಮಜಾ ಬಂತು?" ಎಂದು ಕೇಳುತ್ತಿದ್ದೆ. ಸುಮ್ನೆ ಭುಜ ಕುಣಿಸಿ ಹೋಗಿಬಿಡುತ್ತಿದ್ದಳು. ತುಂಬಾ ದಿನಗಳ ನಂತರ, ಕೇಳದೆಯೇ ಹಾಳೆ ತಂದು ಒಂದು ಜಾಗ ತೋರಿಸಿ "ಇಲ್ಲಿ ಮಜಾ" ಎಂದಳು.

"ನೀವೇ ಬರೆದುಕೊಡಿ" ಎಂದಾಗ ಏನು ಮಾಡಬೇಕು ಎಂಬುದಕ್ಕೂ ಒಂದು ರೀತಿ ಬೇಕಿತ್ತು. ಬರೆದುಕೊಟ್ಟರೆ ನಾಯಿಯ ಕಥೆಯೇ ಮರುಕಳಿಸುತ್ತದೆ. ಆಗಲ್ಲ ಎಂದರೆ ಮಗು ಒಂಟಿಯಾಗುತ್ತದೆ. ಹಾಗಾಗಿ ಕೈಯ ಬದಲು ಮೈಯಿಂದ ಶುರುಮಾಡಿದೆವು. ಜಾರುಬಂಡೆ ಬರೆಯಬೇಕಾ? ಬಾ, ಮತ್ತೆ ಜಾರಿ ಬರೋಣ. ಹತ್ತುವಾಗ ಕಾಲು ಏನು ಮಾಡಿತು, ಜಾರುವಾಗ ಕೂದಲು ಎಲ್ಲಿ ಹೋಯಿತು? ಮಕ್ಕಳ ಚಿತ್ರಗಳ ಹಂತಗಳನ್ನು ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಕೂಡ ಇದನ್ನೇ ಒತ್ತಿ ಹೇಳಿದ್ದರು. ಮಗು ಮೈಯಲ್ಲಿ ಅನುಭವಿಸಿದ್ದು ಹಾಳೆಗೆ ಬರುತ್ತದೆ, ಬರೀ ಕಣ್ಣಿಗೆ ತೋರಿಸಿದ್ದು ಅಷ್ಟಾಗಿ ಬರುವುದಿಲ್ಲ.

ತಿರುವು

ಪುಟ್ಟಿ ಒಂದು ದಿನ ಓಡುವಾಗ ಬಿದ್ದು ಮಂಡಿ ತರಚಿಕೊಂಡಳು. ಮರುದಿನ ಬ್ಯಾಂಡೇಜ್ ಹಾಕಿಕೊಂಡು ಬಂದು, ಯಾರನ್ನೂ ಕೇಳದೆ ಗೋಡೆಯ ಹಾಳೆಯ ಮುಂದೆ ನಿಂತಳು. ದೊಡ್ಡ ವೃತ್ತ ಎಳೆದಳು. ಅದಕ್ಕೆ ಎರಡು ಕಣ್ಣು. ಕೆಳಗೆ ಒಂದು ಚಿಕ್ಕ ಕಾಲು, ಇನ್ನೊಂದು ಹಾಳೆಯ ಅಂಚಿನವರೆಗೆ ಹೋಗುವಷ್ಟು ಉದ್ದದ ಕಾಲು. ಆ ಕಾಲಿನ ನಡುವೆ ಕ್ರೇಯಾನ್ ಪುಡಿಯಾಗುವಷ್ಟು ಒತ್ತಿ ಹಚ್ಚಿದ ಕೆಂಪು. "ಇದು ನಾನು. ಇದು ನೋವು."

ತಲೆಗೇ ಕಾಲು ಅಂಟಿದ ಇಂಥ ಚಿತ್ರಕ್ಕೆ ಗೊದಮೊಟ್ಟೆ ಮನುಷ್ಯ ಎಂಬ ಹೆಸರಿದೆ. ಮಕ್ಕಳು ಸಾಮಾನ್ಯವಾಗಿ 3ರಿಂದ 4ರೊಳಗೆ ಬರೆಯುವ ಮೊದಲ ಮನುಷ್ಯ ಇದು. ಅವಳ ಮನೆಯ ಪಕ್ಕದಲ್ಲಿಟ್ಟರೆ ಒರಟು ಚಿತ್ರ. ಆದರೆ ಇಲ್ಲಿ ಗಾತ್ರವನ್ನು ನಿರ್ಧರಿಸಿದವಳು ಅವಳು, ಬಣ್ಣ ಆರಿಸಿದವಳು ಅವಳು, ಹೇಳಬೇಕೆಂದುಕೊಂಡ ವಿಷಯವೂ ಅವಳದೇ. ಯಾವುದು ಮುಖ್ಯವೋ ಅದು ದೊಡ್ಡದು. 4 ವರ್ಷದ ತರ್ಕ ಅದು, ಪೂರ್ತಿ ಸರಿಯಾದ ತರ್ಕ.

ಅಷ್ಟರಲ್ಲಿ ಅಲ್ಲಿದ್ದ ಸಹಾಯಕಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ "ಕೈ ಎಲ್ಲಿ ಪುಟ್ಟಿ? ಹೊಟ್ಟೆ ಎಲ್ಲಿ?" ಎಂದು ಕೇಳಿಬಿಟ್ಟರು. ಪುಟ್ಟಿ ಹಾಳೆಯನ್ನು ಕಿತ್ತು ಮಡಿಸಿಕೊಂಡಳು. ಆ ವಾರ ಮತ್ತೆ ಹಳೆಯ ಮನೆ ಹಾಜರಾಯಿತು, ಮೂಲೆಯ ಸೂರ್ಯನ ಸಮೇತ.

ನಾವು ಚಿತ್ರದ ಬಗ್ಗೆ ಮತ್ತೇನೂ ಹೇಳಲಿಲ್ಲ. ಚೆಂಡಾಟ ಆಡಿಸಿದೆವು. ಹಿಡಿಯುವುದು, ಎಸೆಯುವುದು, ಕೈ ಎತ್ತುವುದು. ಕೆಲವು ದಿನಗಳಲ್ಲಿ ಚೆಂಡಿನ ಚಿತ್ರ ಬಂತು, ಅದರಲ್ಲಿ ತಲೆಯಿಂದ ಹೊರಟ ಎರಡು ಉದ್ದ ಕೈಗಳು, ತುದಿಯಲ್ಲಿ ಸೂರ್ಯನ ಕಿರಣದಂತೆ ಹರಡಿದ ಬೆರಳುಗಳು. ಬೆರಳು ಎಷ್ಟಿವೆ ಎಂದು ಈ ಸಲ ಯಾರೂ ಎಣಿಸಲಿಲ್ಲ.

ಏನಾಯಿತು

ವರ್ಷದ ಕೊನೆಯ ಹೊತ್ತಿಗೆ ಮನೆ ಮತ್ತೆ ಬಂತು. ಈ ಸಲ ಗೋಡೆಯ ಮೂಲಕ ಒಳಗಿನದೆಲ್ಲ ಕಾಣುತ್ತಿತ್ತು. ಮಂಚದ ಮೇಲೆ ಅಪ್ಪ, ಮೇಜಿನ ಹತ್ತಿರ ಅಕ್ಕ, ಮೇಜಿನ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಚಾಚಿಕೊಂಡಿದ್ದವು. ನಾಯಿ ಮಲಗಿತ್ತು. ಅಪ್ಪ ಇದನ್ನು ನೋಡಿ ನಕ್ಕು, "ಗೋಡೆ ದಾಟಿ ಕಾಣಲ್ವಲ್ಲ ಮಿಸ್" ಎಂದರು. ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಜಾರ್ಜ್-ಆನ್ರಿ ಲ್ಯುಕೆ 1927ರಲ್ಲೇ ಬರೆದಿದ್ದರು, ಈ ವಯಸ್ಸಿನ ಮಗು ಕಂಡದ್ದನ್ನಲ್ಲ, ತಿಳಿದದ್ದನ್ನು ಬರೆಯುತ್ತದೆ ಎಂದು. ನಾರ್ಮನ್ ಫ್ರೀಮನ್ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲಿ ಹಿಡಿ ಕಾಣದಂತೆ ಕಾಫಿ ಕಪ್ಪನ್ನು ತಿರುಗಿಸಿಟ್ಟು ಮಕ್ಕಳಿಗೆ ಬರೆಯಲು ಹೇಳಿದಾಗ, ಚಿಕ್ಕವರು ಹಿಡಿಯನ್ನೂ ಸೇರಿಸಿ ಬರೆದರು. ಕಪ್ಪಿಗೆ ಹಿಡಿ ಇದೆ ಎಂದು ಅವರಿಗೆ ಗೊತ್ತಲ್ಲ! ಅಪ್ಪನಿಗೆ ಕಪ್ಪಿನ ಕಥೆ ಹಿಡಿಸಿತು. ಮನೆಗೆ ಹೋಗಿ ಎರಡೂ ಮಕ್ಕಳ ಮೇಲೆ ಪ್ರಯೋಗ ಮಾಡಿ ನೋಡಿದರಂತೆ.

ಬದಲಾಗದ್ದೂ ಇದೆ. ಪೋಷಕರಿಗಾಗಿ ಚಿತ್ರಗಳನ್ನು ತೂಗುಹಾಕುವ ದಿನ, ಎಲ್ಲರೂ ನೋಡುತ್ತಾರೆ ಎಂದು ಗೊತ್ತಾದ ಕೂಡಲೇ ಪುಟ್ಟಿ ಬರೆದುಕೊಟ್ಟದ್ದು ಅದೇ ಹಳೆಯ ಚೌಕ-ತ್ರಿಕೋನದ ಮನೆ. ಅವಳಿಗೆ ಅದೊಂದು ರಕ್ಷಣೆ. ನಾವು ಅದನ್ನೇ ತೂಗುಹಾಕಿದೆವು. ಹಾಳೆ ಹರಿದರೆ ಈಗಲೂ ಅಳುತ್ತಾಳೆ. ಬೆರಳಿಗೆ ಬಣ್ಣ ಮೆತ್ತಿಕೊಳ್ಳುವುದು ಅವಳಿಗೆ ಸುತರಾಂ ಇಷ್ಟವಿಲ್ಲ. ಅದನ್ನು ಬಲವಂತ ಮಾಡಲಿಲ್ಲ.

ಇದೆಲ್ಲ ನಮ್ಮಿಂದಲೇ ಆಯಿತು ಎಂದೂ ಹೇಳಲಾರೆ. ಇಷ್ಟು ತಿಂಗಳಲ್ಲಿ ಮಗು ತಾನಾಗಿಯೇ ಬೆಳೆದಿರುತ್ತದೆ. ಗೆಳತಿಯರು ಸಿಕ್ಕಿದ್ದರು, ಮಾತು ಜಾಸ್ತಿಯಾಗಿತ್ತು. ಆದರೆ ಅಕ್ಕ ಬರೆದಿಟ್ಟ ಸಾಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಒಂದು ಕಾಣುತ್ತದೆ. ಚಿತ್ರದಲ್ಲಿ ಹೊಸದೇನಾದರೂ ಬಂದ ದಿನವೇ ಕಥೆಯೂ ಉದ್ದವಾಗಿದೆ. ಅಂಥ ದಿನಗಳಲ್ಲೇ "ಆಮೇಲೆ", "ಅದಕ್ಕೇ" ಎಂಬ ಪದಗಳು ಅವಳ ಕಥೆಯಲ್ಲಿ ಮೊದಲು ಬಂದವು. ಹಾಳೆಯ ಹಿಂದೆ ತಾರೀಕು ಹಾಕುವ ಅಭ್ಯಾಸ ಇಲ್ಲದಿದ್ದರೆ ಇದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಇಂಥ ಪ್ರಕರಣ ಓದುವವರಿಗೆ ಹೇಳಬೇಕು. ಆ ಕೆಂಪು ಮಂಡಿಯ ಚಿತ್ರವನ್ನು ಹಿನ್ನೆಲೆ ತಿಳಿಯದ ಯಾರಾದರೂ ನೋಡಿದ್ದರೆ ಏನೇನೋ ಅರ್ಥ ಹಚ್ಚುತ್ತಿದ್ದರು. ಕಪ್ಪು ಬಣ್ಣ ಬಳಸಿದರೆ ದುಃಖ, ಕೆಂಪು ಬಳಸಿದರೆ ಸಿಟ್ಟು ಎಂಬ ಲೆಕ್ಕಕ್ಕೆ ಆಧಾರವಿಲ್ಲ. ಎಷ್ಟೋ ಸಲ ಕೈಗೆ ಮೊದಲು ಸಿಕ್ಕ ಕ್ರೇಯಾನ್ ಅದು, ಅಷ್ಟೇ. ಚಿತ್ರವನ್ನು ಮಗುವಿನ ಮಾತಿನ ಜೊತೆ ಓದಬೇಕು, ಮಾತಿಲ್ಲದೆ ಓದಿದರೆ ಅದು ನಮ್ಮದೇ ಊಹೆಯಾಗುತ್ತದೆ.

ಹಂತ ಹಂತವಾಗಿ ಹೇಳಿಕೊಡುವುದರ ಬಗ್ಗೆ ನನಗೂ ನನ್ನ ಸಹೋದ್ಯೋಗಿಗೂ ಇನ್ನೂ ಜಗಳವಿದೆ. ನನ್ನ ಪ್ರಕಾರ ಅದು 4 ವರ್ಷದವರಿಗಲ್ಲ. ಆದರೆ ಅವರ ಪದ್ಧತಿ ಉಪಯೋಗವಾದದ್ದು ಅಕ್ಕನಿಗೆ. 9ರ ಆಸುಪಾಸಿನ ಮಕ್ಕಳಿಗೆ ಚಿತ್ರ ನಿಜದ ಹಾಗೆ ಕಾಣಬೇಕು, ಕಾಣದಿದ್ದರೆ ಬೇಸರವಾಗಿ ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. ತಂಗಿಯನ್ನು ಕರೆದೊಯ್ಯಲು ಬಂದಾಗ ಅಕ್ಕ ಕುದುರೆಯ ಹಿಂಗಾಲು ಎಷ್ಟು ಬರೆದರೂ ಸರಿ ಬರ್ತಿಲ್ಲ ಎಂದು ಕೇಳಿದಳು. ಸಹೋದ್ಯೋಗಿ ಅವಳಿಗೆ ಒಂದು ಕುದುರೆಯ ಫೋಟೊ ಕೊಟ್ಟು, ಕಾಲು ಎಲ್ಲೆಲ್ಲಿ ಮಡಿಯುತ್ತದೆ ಎಂದು ತೋರಿಸಿ, ಪಕ್ಕದಲ್ಲಿ ಕೂತು ಕಲಿಸಿದರು. ಈಗ ಅವಳು ವಾರಕ್ಕೊಮ್ಮೆ ಅವರ ಹತ್ತಿರ ಬರುತ್ತಾಳೆ.